128 ಬೈಟ್‌ಗಳ ಜಾತಕ

1981ರ ಆಗಸ್ಟ್‌ನಲ್ಲಿ ಐಬಿಎಂ ಕಂಪನಿ ಮಾರುಕಟ್ಟೆಗೆ ತಂದ ಪಿಸಿಗೆ ತನ್ನ ಮುಂದೆ ಯಾವ ಮಾನಿಟರ್ ಇದೆ ಎಂಬುದು ಗೊತ್ತಾಗುತ್ತಿರಲಿಲ್ಲ. ಅದನ್ನು ಬಳಸುವವರೇ ಹೇಳಬೇಕಿತ್ತು. ಹೇಳುವುದೆಂದರೆ ಕೀಬೋರ್ಡಿನಲ್ಲಿ ಟೈಪ್ ಮಾಡುವುದಲ್ಲ. ಸ್ಕ್ರೂ ಬಿಚ್ಚಿ, ಮೇಲಿನ ಕವಚ ತೆಗೆದು, ಮದರ್‌ಬೋರ್ಡಿನ ಮೇಲೆ ಸಾಲಾಗಿ ಕೂತಿದ್ದ ಪುಟ್ಟ ಸ್ವಿಚ್‌ಗಳಲ್ಲಿ 5 ಮತ್ತು 6ನೆಯದನ್ನು ಪೆನ್ನಿನ ಮೊನೆಯಿಂದ ಆಚೀಚೆ ಸರಿಸಬೇಕಿತ್ತು. ಕಪ್ಪು-ಬಿಳುಪಿನ ಮಾನಿಟರ್ ಇದ್ದರೆ ಒಂದು ಬಗೆ, ಬಣ್ಣದ್ದಾದರೆ ಇನ್ನೊಂದು ಬಗೆ. ಮಾನಿಟರ್ ಬದಲಾದರೆ ಮತ್ತೆ ಸ್ಕ್ರೂಡ್ರೈವರ್ ಹುಡುಕಬೇಕು.

ಇಂದು ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿದರೆ ಸಾಕು, ಪಕ್ಕದ ದೊಡ್ಡ ಮಾನಿಟರ್ ತಾನಾಗಿ ಬೆಳಗುತ್ತದೆ. ಬೆಳಗದಿದ್ದರೆ ಸಿಟ್ಟು ಬರುತ್ತದೆ. ಪವರ್ ಗುಂಡಿ ಒತ್ತಿದ ಮೇಲೆ ಹತ್ತು ಸೆಕೆಂಡಿಗಿಂತ ಹೆಚ್ಚು ಕಾಯಬೇಕಾದರೂ ಅಷ್ಟೇ. ಈ ಎರಡು ಸಿಟ್ಟುಗಳನ್ನು ನಾವು ಬೇರೆಬೇರೆ ಎಂದುಕೊಳ್ಳುತ್ತೇವೆ. ಒಂದು ಮಾನಿಟರಿನ ತೊಂದರೆ, ಇನ್ನೊಂದು ಬೂಟ್ ಆಗುವ ವೇಗದ ತೊಂದರೆ. ಇತಿಹಾಸದ ವಿದ್ಯಾರ್ಥಿಯಾಗಿ ಈ ನಲವತ್ತು ವರ್ಷಗಳ ಕತೆಯನ್ನು ಓದುತ್ತಾ ಹೋದಂತೆ, ಇವೆರಡೂ ಒಂದೇ ಕತೆಯ ಎರಡು ಮಗ್ಗುಲು ಎಂದು ನನಗೆ ಅನ್ನಿಸತೊಡಗಿತು. ಎಚ್ಚರಗೊಳ್ಳುವ ಪ್ರತಿಯೊಂದು ಯಂತ್ರಕ್ಕೂ ಎರಡೇ ದಾರಿ. ಸುತ್ತ ಯಾರಿದ್ದಾರೆ ಎಂದು ಒಬ್ಬೊಬ್ಬರನ್ನೂ ಕೇಳಿ, ಉತ್ತರಕ್ಕೆ ಕಾಯುವುದು ಒಂದು. ನಿನ್ನೆ ಇದ್ದವರೇ ಇವತ್ತೂ ಇರುತ್ತಾರೆ ಎಂದು ನಂಬಿ ಕೆಲಸ ಶುರು ಮಾಡುವುದು ಇನ್ನೊಂದು. ಮೊದಲನೆಯದು ನಿಧಾನ, ಎರಡನೆಯದು ವೇಗ. ಆದರೆ ನಿನ್ನೆ ಇಲ್ಲದ ಪ್ರೊಜೆಕ್ಟರ್ ಇವತ್ತು ಎದುರಿಗಿದ್ದರೆ?

ಸಂಶೋಧನೆ ಮಾಡುವವರಿಗೆ ಈ ಇಕ್ಕಟ್ಟು ಹೊಸದಲ್ಲ. ಪತ್ರಾಗಾರಕ್ಕೆ ಹೋದಾಗ ಸೂಚಿಪಟ್ಟಿಯನ್ನು ನಂಬಿ ಬರೆದುಬಿಡುವುದೋ, ಕಡತವನ್ನೇ ತರಿಸಿ ಬಿಚ್ಚಿ ನೋಡುವುದೋ? ಪಟ್ಟಿ ನಂಬಿದರೆ ಮಧ್ಯಾಹ್ನದೊಳಗೆ ಕೆಲಸ ಮುಗಿಯುತ್ತದೆ. ಕಡತ ತರಿಸಿದರೆ ವಾರ ಹಿಡಿಯುತ್ತದೆ.

ಮೊದಲ ಪಿಸಿ ಕೇಳುವ ಜಾತಿಯದು. ಆನ್ ಮಾಡಿದ ಕೂಡಲೇ ಅದು ತನ್ನ ಮೆಮೊರಿಯನ್ನು ತುಂಡುತುಂಡಾಗಿ ಬರೆದು, ಓದಿ, ಸರಿಯಿದೆಯೇ ಎಂದು ಪರೀಕ್ಷಿಸುತ್ತಿತ್ತು. ಮೆಮೊರಿ ಹೆಚ್ಚಿದಷ್ಟೂ ಕಾಯುವ ಹೊತ್ತು ಹೆಚ್ಚುತ್ತಿತ್ತು. ಆ ಯಂತ್ರವನ್ನು ರೂಪಿಸಿದ ತಂಡದಲ್ಲಿದ್ದ ಡೇವಿಡ್ ಬ್ರಾಡ್ಲಿ ಕಂಟ್ರೋಲ್, ಆಲ್ಟ್, ಡಿಲೀಟ್ ಎಂಬ ಮೂರು ಕೀಲಿಗಳ ಜೋಡಿಯನ್ನು ಬರೆದದ್ದು ಈ ಕಾಯುವಿಕೆಯನ್ನು ತಪ್ಪಿಸಲು. ಆ ಮೂರನ್ನು ಒಟ್ಟಿಗೆ ಒತ್ತಿದರೆ ಯಂತ್ರ ಮೆಮೊರಿಯ ಒಂದು ಮೂಲೆಯಲ್ಲಿ 1234 ಎಂಬ ಗುರುತು ಬರೆದಿಟ್ಟು ಮರಳಿ ಶುರುವಾಗುತ್ತದೆ. ಶುರುವಾಗುವಾಗ ಆ ಗುರುತು ಕಂಡರೆ, ಈಗಷ್ಟೇ ಪರೀಕ್ಷೆ ಆಗಿದೆ, ಮತ್ತೊಮ್ಮೆ ಬೇಡ ಎಂದು ಮೆಮೊರಿ ಪರೀಕ್ಷೆಯನ್ನು ದಾಟಿ ಮುಂದೆ ಹೋಗುತ್ತದೆ. ಇಂದು ನಾವು ವೇಗ ಎನ್ನುವುದರ ಬೀಜ ಈ ನಾಲ್ಕು ಅಂಕಿಗಳಲ್ಲಿದೆ. ಯಂತ್ರ ಚುರುಕಾಗಲಿಲ್ಲ, ಒಂದು ಪ್ರಶ್ನೆ ಕೇಳುವುದನ್ನು ಬಿಟ್ಟಿತು.

1984ರ ಐಬಿಎಂ ಎಟಿಯಲ್ಲಿ ಬ್ಯಾಟರಿಯಿಂದ ಜೀವ ಹಿಡಿದುಕೊಂಡಿರುವ ಒಂದು ಚಿಕ್ಕ ಮೆಮೊರಿ ಬಂತು. ಡಿಸ್ಕ್ ಯಾವುದು, ಮೆಮೊರಿ ಎಷ್ಟು ಎಂಬುದೆಲ್ಲ ಅದರಲ್ಲಿ ಉಳಿಯುತ್ತಿತ್ತು. ಸ್ವಿಚ್‌ಗಳ ಸಾಲು ಮಾಯವಾಯಿತು. ಮಾನಿಟರ್ ವಿಷಯಕ್ಕೆ ಮಾತ್ರ ಮದರ್‌ಬೋರ್ಡಿನ ಮೇಲೆ ಒಂದು ಸ್ವಿಚ್ ಉಳಿದೇ ಇತ್ತು.

ಅದೇ ಹೊತ್ತಿನಲ್ಲಿ ಆಪಲ್ ಕಂಪನಿಯಲ್ಲಿ ನಡೆದದ್ದನ್ನು ಮ್ಯಾಕಿಂತೋಷ್ ತಂಡದ ಆಂಡಿ ಹರ್ಟ್ಸ್‌ಫೆಲ್ಡ್ ಬರೆದಿದ್ದಾರೆ. 1983ರಲ್ಲಿ ಸ್ಟೀವ್ ಜಾಬ್ಸ್ ಎಂಜಿನಿಯರ್ ಲ್ಯಾರಿ ಕೆನ್ಯನ್ ಅವರ ಮೇಜಿನ ಬಳಿ ಬಂದು, ಮ್ಯಾಕ್ ಶುರುವಾಗಲು ತೀರಾ ಹೊತ್ತು ಹಿಡಿಯುತ್ತಿದೆ ಎಂದರಂತೆ. ಮುಂದೆ 50 ಲಕ್ಷ ಜನ ದಿನವೂ ಇದನ್ನು ಬಳಸುತ್ತಾರೆ ಎಂದುಕೊಳ್ಳಿ, ತಲಾ ಹತ್ತು ಸೆಕೆಂಡ್ ಉಳಿಸಿದರೆ ವರ್ಷಕ್ಕೆ ಹತ್ತಾರು ಮನುಷ್ಯರ ಆಯುಷ್ಯ ಉಳಿಸಿದಂತೆ ಎಂಬುದು ಅವರ ವಾದ. ನಾನು ಕೂತು ಲೆಕ್ಕ ಹಾಕಿದೆ. ದಿನಕ್ಕೆ 5 ಕೋಟಿ ಸೆಕೆಂಡ್, ವರ್ಷಕ್ಕೆ 1,825 ಕೋಟಿ. 70 ವರ್ಷದ ಆಯುಷ್ಯಕ್ಕೆ ಸುಮಾರು 221 ಕೋಟಿ ಸೆಕೆಂಡ್. ಭಾಗಿಸಿದರೆ ಎಂಟು ಮಂದಿಯ ಆಯುಷ್ಯ ಬರುತ್ತದೆ. ಜಾಬ್ಸ್ ತುಸು ಉತ್ಪ್ರೇಕ್ಷೆ ಮಾಡಿದ್ದರು. ಆದರೂ ಎಂಟು ಜೀವ ಕಡಿಮೆಯೇನಲ್ಲ. ತಂಡದವರು ಹತ್ತು ಸೆಕೆಂಡಿಗಿಂತ ಹೆಚ್ಚನ್ನೇ ಉಳಿಸಿಕೊಟ್ಟರು. ಈ ಲೆಕ್ಕದಲ್ಲಿ ನನ್ನನ್ನು ಕಾಡುವುದು ಬೇರೆ. ಎಲ್ಲರ ಹತ್ತು ಸೆಕೆಂಡೂ ಒಂದೇ ತೂಕದ್ದು ಎಂದು ಅದು ಎಣಿಸುತ್ತದೆ. ಅದಕ್ಕೆ ಮುಂದೆ ಬರುತ್ತೇನೆ.

ಮಾನಿಟರಿನ ಕತೆಗೆ ಮರಳೋಣ. 1987ರಲ್ಲಿ ಐಬಿಎಂ ತನ್ನ ಪಿಎಸ್/2 ಸಾಲಿನ ಯಂತ್ರಗಳ ಜೊತೆ ವಿಜಿಎ ತಂದಿತು. ನಮ್ಮ ಕಾಲೇಜುಗಳ ಪ್ರೊಜೆಕ್ಟರುಗಳಲ್ಲಿ ಇವತ್ತಿಗೂ ಕಾಣುವ, ಎರಡು ಕಡೆ ಸ್ಕ್ರೂ ತಿರುಗಿಸಿ ಬಿಗಿಯುವ, 15 ಪಿನ್ನುಗಳ ಆ ನೀಲಿ ಬಾಯಿ ಅದರದ್ದೇ. ಅದರ ಕೆಲವು ಪಿನ್ನುಗಳನ್ನು ಮಾನಿಟರಿನ ಗುರುತಿಗೆಂದು ಮೀಸಲಿಟ್ಟಿದ್ದರು. ಯಾವ ಪಿನ್ ಗ್ರೌಂಡಿಗೆ ಸೇರಿದೆ, ಯಾವುದು ಸೇರಿಲ್ಲ ಎಂದು ನೋಡಿ ಕಪ್ಪು-ಬಿಳುಪೋ ಬಣ್ಣವೋ ಎಂದು ಯಂತ್ರ ತಿಳಿಯುತ್ತಿತ್ತು. ಮೂಕರ ಸನ್ನೆಯಂಥ ಭಾಷೆ ಅದು. ಹೌದು, ಇಲ್ಲ ಎನ್ನುವುದಕ್ಕಿಂತ ಹೆಚ್ಚಿನದನ್ನು ಹೇಳಲು ಅದಕ್ಕೆ ಬರುತ್ತಿರಲಿಲ್ಲ.

ಮಾನಿಟರಿಗೆ ಮಾತು ಬಂದದ್ದು 1994ರಲ್ಲಿ. ಪರದೆ ಮತ್ತು ಗ್ರಾಫಿಕ್ಸ್ ಕಾರ್ಡ್ ತಯಾರಕರ ಒಕ್ಕೂಟವಾದ ವೇಸಾ ಆ ವರ್ಷದ ಆಗಸ್ಟ್‌ನಲ್ಲಿ ಡಿಡಿಸಿ ಎಂಬ ಮಾನಕವನ್ನು ಹೊರಡಿಸಿತು. ಅದರ ಜೊತೆಗೇ ಬಂದದ್ದು ಇಡಿಐಡಿ. ಪ್ರತಿ ಮಾನಿಟರಿನೊಳಗೂ ಒಂದು ಪುಟ್ಟ ಚಿಪ್, ಅದರಲ್ಲಿ 128 ಬೈಟ್‌ಗಳ ಒಂದು ಬರಹ. ಇದಕ್ಕೆ ಜಾತಕ ಎನ್ನುವುದೇ ಸರಿಯಾದ ಹೆಸರು. ಶುರುವಿನಲ್ಲಿ ಶ್ರೀಕಾರ ಇದ್ದಂತೆ ಎಲ್ಲ ಮಾನಿಟರುಗಳಿಗೂ ಒಂದೇ ಆದ ಎಂಟು ಬೈಟ್‌ಗಳು. ಆಮೇಲೆ ಮನೆತನ: ತಯಾರಕರ ಹೆಸರನ್ನು ಮೂರೇ ಅಕ್ಷರಕ್ಕೆ ಇಳಿಸಿ, ಅಕ್ಷರಕ್ಕೆ ಐದು ಬಿಟ್‌ನಂತೆ ಎರಡು ಬೈಟ್‌ಗಳಲ್ಲಿ ಮಡಚಿಟ್ಟಿರುತ್ತಾರೆ. ಆಮೇಲೆ ಮಾದರಿಯ ಸಂಖ್ಯೆ, ಕ್ರಮಸಂಖ್ಯೆ, ಹುಟ್ಟಿದ ವಾರ, ಹುಟ್ಟಿದ ವರ್ಷ. ವರ್ಷವನ್ನು 1990ರಿಂದ ಎಣಿಸುತ್ತಾರೆ. ಒಂದು ಬೈಟ್‌ನಲ್ಲಿ 255ರವರೆಗೆ ಮಾತ್ರ ಎಣಿಸಬಹುದಾದ್ದರಿಂದ ಈ ಪಂಚಾಂಗ 2245ಕ್ಕೆ ಮುಗಿಯುತ್ತದೆ. ಪರದೆಯ ಉದ್ದಗಲ ಎಷ್ಟು ಸೆಂಟಿಮೀಟರ್, ಯಾವ ಯಾವ ರೆಸಲ್ಯೂಷನ್ ತಾಳುತ್ತದೆ ಎಂಬುದೂ ಅದರಲ್ಲಿದೆ. ಕೊನೆಯ ಬೈಟ್ ತಾಳೆ ನೋಡುವುದಕ್ಕೆ: 128 ಬೈಟ್‌ಗಳನ್ನೂ ಕೂಡಿ 256ರಿಂದ ಭಾಗಿಸಿದರೆ ಶೇಷ ಸೊನ್ನೆ ಬರಬೇಕು. ಬರದಿದ್ದರೆ ದಾರಿಯಲ್ಲಿ ಎಲ್ಲೋ ಅಕ್ಷರ ಕೆಟ್ಟಿದೆ ಎಂದರ್ಥ. ಹಸ್ತಪ್ರತಿ ನೋಡುವವರಿಗೆ ಹೊಟ್ಟೆಕಿಚ್ಚಾಗುವಂಥ ಅನುಕೂಲ ಇದು.

ಈ ಜಾತಕ ಓದಲು ಎಷ್ಟು ಹೊತ್ತು ಬೇಕು? ಓದುವ ತಂತಿಯ ವೇಗ ಸೆಕೆಂಡಿಗೆ ಒಂದು ಲಕ್ಷ ಬಿಟ್‌ವರೆಗೆ. ಬೈಟಿಗೆ ಒಂಬತ್ತು ಬಿಟ್ ಹಿಡಿದರೂ ಇಡೀ ಜಾತಕ ಸುಮಾರು 1,150 ಬಿಟ್. ಸೆಕೆಂಡಿನ ನೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಹಾಗಾದರೆ ಮಾನಿಟರ್ ಪತ್ತೆ ಮಾಡಲು ಲ್ಯಾಪ್‌ಟಾಪ್ ತಡಬಡಾಯಿಸುವುದೇಕೆ? ಉತ್ತರ ಕೊಡುವವರಿಂದ ತಡವಾಗುವುದಿಲ್ಲ, ಉತ್ತರ ಕೊಡದವರಿಂದ ತಡವಾಗುತ್ತದೆ. ಬಾಗಿಲು ತಟ್ಟಿದಾಗ "ಬಂದೆ" ಎಂದರೆ ಒಂದು ಕ್ಷಣ. ಒಳಗಿನಿಂದ ಸದ್ದೇ ಇಲ್ಲದಿದ್ದರೆ ಮತ್ತೆ ತಟ್ಟಬೇಕು, ಇನ್ನಷ್ಟು ಕಾಯಬೇಕು, ಆಮೇಲೆ ಮನೆಯಲ್ಲಿ ಯಾರೂ ಇಲ್ಲವೆಂದು ತೀರ್ಮಾನಿಸಬೇಕು. ಮನೆಯವರು ಸ್ನಾನಕ್ಕೆ ಹೋಗಿದ್ದರೆ ಆ ತೀರ್ಮಾನ ತಪ್ಪು.

ವಿಜಿಎ ಕೇಬಲ್ಲಿಗೆ ಇನ್ನೊಂದು ಕೊರತೆಯೂ ಇತ್ತು. ಅದನ್ನು ಸಿಕ್ಕಿಸಿದರೂ ಕಿತ್ತರೂ ಯಂತ್ರಕ್ಕೆ ಸುದ್ದಿ ಹೋಗುವುದಿಲ್ಲ. ಜಾತಕ ಸಿಗದಿದ್ದಾಗ ಗ್ರಾಫಿಕ್ಸ್ ಚಿಪ್ ಬಣ್ಣದ ತಂತಿಯಲ್ಲಿ ಚೂರು ವಿದ್ಯುತ್ ಹರಿಸಿ, ಆ ತುದಿಯಲ್ಲಿ 75 ಓಮ್‌ನ ಪ್ರತಿರೋಧ ಇದೆಯೇ ಎಂದು ಅಳೆದು ನೋಡುವುದುಂಟು. ಲಿನಕ್ಸ್ ಇಂಥ ಕಿಂಡಿಗಳನ್ನು ಹತ್ತು ಸೆಕೆಂಡಿಗೊಮ್ಮೆ ಹೋಗಿ ನೋಡಿಬರುವ ಪದ್ಧತಿ ಇಟ್ಟುಕೊಂಡಿದೆ, ರಾತ್ರಿ ಗಸ್ತಿನ ಕಾವಲುಗಾರನಂತೆ. 1999ರ ಡಿವಿಐ, 2002ರ ಕೊನೆಗೆ ಬಂದ ಎಚ್‌ಡಿಎಂಐ, 2006ರ ಡಿಸ್‌ಪ್ಲೇಪೋರ್ಟ್ ಇವುಗಳಲ್ಲಿ ಒಂದು ಕರೆಗಂಟೆ ಸೇರಿಕೊಂಡಿತು. ಎಚ್‌ಡಿಎಂಐಯಲ್ಲಿ ಲ್ಯಾಪ್‌ಟಾಪ್ 18ನೆಯ ಪಿನ್ನಿನಲ್ಲಿ 5 ವೋಲ್ಟ್ ಕಳಿಸುತ್ತದೆ, ಮಾನಿಟರ್ ಅದನ್ನು 19ನೆಯ ಪಿನ್ನಿನಲ್ಲಿ ಮರಳಿಸುತ್ತದೆ. ಮರಳಿದ ವೋಲ್ಟೇಜೇ "ನಾನು ಬಂದಿದ್ದೇನೆ" ಎಂಬ ಸುದ್ದಿ.

ಈ ಜಾತಕ ಎಲ್ಲರ ಕೈಗೂ ಬೇಗ ಸಿಗಲಿಲ್ಲ. 1990ರ ದಶಕದಲ್ಲಿ ಲಿನಕ್ಸ್ ಹಾಕಿಕೊಂಡವರು ಎಕ್ಸ್‌ಫ್ರೀ86 ಎಂಬ ತಂತ್ರಾಂಶದ ಸಂರಚನಾ ಕಡತದಲ್ಲಿ ಮಾನಿಟರಿನ ಆವರ್ತನಗಳನ್ನು ಕೈಯಾರೆ ಬರೆಯಬೇಕಿತ್ತು. ತಪ್ಪು ಸಂಖ್ಯೆ ಬರೆದರೆ ಮಾನಿಟರೇ ಹಾಳಾಗಬಹುದು ಎಂಬ ಎಚ್ಚರಿಕೆ ಅದರ ಕೈಪಿಡಿಯಲ್ಲಿತ್ತು. ಎಕ್ಸ್ ನಡೆಯುತ್ತಿರುವಾಗಲೇ ಹೊಸ ಮಾನಿಟರನ್ನು ಸೇರಿಸುವ, ತೆಗೆಯುವ ಸೌಲಭ್ಯ ಸರಿಯಾಗಿ ಒದಗಿದ್ದು 2007ರಲ್ಲಿ, ಕೀತ್ ಪ್ಯಾಕರ್ಡ್ ಮತ್ತು ಸಂಗಡಿಗರು ರೂಪಿಸಿದ ರಾಂಡರ್ 1.2 ಬಂದಾಗ. 2009ರಲ್ಲಿ ಪರದೆಯನ್ನು ಹೊಂದಿಸುವ ಕೆಲಸವನ್ನೇ ಕರ್ನಲ್ ತನ್ನ ಕೈಗೆ ತೆಗೆದುಕೊಂಡಿತು. ಅದೇ ವರ್ಷ ವಿಂಡೋಸ್ 7ರಲ್ಲಿ ವಿಂಡೋಸ್ ಕೀಲಿ ಮತ್ತು ಪಿ ಒಟ್ಟಿಗೆ ಒತ್ತಿದರೆ ಎರಡನೇ ಪರದೆಯ ಆಯ್ಕೆಗಳು ಬರುವಂತಾಯಿತು. ಸೆಮಿನಾರುಗಳಲ್ಲಿ ಎಷ್ಟೋ ಪ್ರಾಧ್ಯಾಪಕರ ಮಾನ ಉಳಿಸಿದ ಕೀಲಿಜೋಡಿ ಅದು.

ಇನ್ನೊಂದು ಮಗ್ಗುಲಿನಲ್ಲಿ ವೇಗದ ಕತೆಯೂ ಇದೇ ವರ್ಷಗಳಲ್ಲಿ ತಿರುವು ಪಡೆಯಿತು. 2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ನಡೆದ ಲಿನಕ್ಸ್ ಪ್ಲಂಬರ್ಸ್ ಸಮ್ಮೇಳನದಲ್ಲಿ ಇಂಟೆಲ್‌ನ ಅರ್ಯನ್ ವಾನ್ ಡೆ ವೆನ್ ಮತ್ತು ಔಕೆ ಕೋಕ್ ಒಂದು ಸಾಧಾರಣ ಆಸುಸ್ ಈ-ಪಿಸಿಯನ್ನು ಐದು ಸೆಕೆಂಡಿನಲ್ಲಿ ಶುರು ಮಾಡಿ ತೋರಿಸಿದರು. ಇನ್ನಷ್ಟು ಬೇಗ ಮಾಡೋಣ ಎಂದು ಅವರು ಹೊರಟಿರಲಿಲ್ಲ. ಐದೇ ಸೆಕೆಂಡ್ ಎಂದು ಮೊದಲೇ ಗೆರೆ ಎಳೆದು, ಮನೆಖರ್ಚಿನಂತೆ ಹಂಚಿದ್ದರು: ಕರ್ನಲ್‌ಗೆ ಒಂದು, ಆರಂಭದ ಸೇವೆಗಳಿಗೆ ಒಂದು, ಗ್ರಾಫಿಕ್ಸ್‌ಗೆ ಒಂದು, ಡೆಸ್ಕ್‌ಟಾಪಿಗೆ ಎರಡು. ಬಜೆಟ್ಟಿಗೆ ಹೊಂದದ್ದು ಹೊರಗೆ, ಇಲ್ಲವೇ ಆಮೇಲೆ.

2010ರಲ್ಲಿ ಲೆನಾರ್ಟ್ ಪೋಟರಿಂಗ್ ಮತ್ತು ಕೇ ಸೀವರ್ಸ್ ಸಿಸ್ಟಮ್‌ಡಿಯನ್ನು ಮುಂದಿಟ್ಟರು. ಆಪಲ್‌ನ ಲಾಂಚ್‌ಡಿಯಲ್ಲಿ ಆಗಲೇ ಇದ್ದ ಒಂದು ಉಪಾಯವನ್ನು ಅದು ವಿಸ್ತರಿಸಿತು. ಒಂದು ಸೇವೆ ಪೂರ್ತಿ ಎದ್ದ ಮೇಲೆ ಇನ್ನೊಂದು ಏಳಬೇಕು ಎಂಬ ಸಾಲು ಬೇಡ. ಮೊದಲು ಎಲ್ಲರ ಮನೆಮುಂದೆಯೂ ಅಂಚೆಪೆಟ್ಟಿಗೆ ನೆಡೋಣ, ಎಲ್ಲರನ್ನೂ ಒಟ್ಟಿಗೇ ಎಬ್ಬಿಸೋಣ. ಯಾರಾದರೂ ಯಾರಿಗಾದರೂ ಕಾಗದ ಬರೆದರೆ ಅದು ಪೆಟ್ಟಿಗೆಯಲ್ಲಿ ಬಿದ್ದಿರಲಿ, ಎದ್ದವರು ಓದಿಕೊಳ್ಳಲಿ. 2012ರ ವಿಂಡೋಸ್ 8 ಬೇರೆ ದಾರಿ ಹಿಡಿಯಿತು. ಅದರ ಫಾಸ್ಟ್ ಸ್ಟಾರ್ಟಪ್‌ನಲ್ಲಿ ನಾವು ಶಟ್ ಡೌನ್ ಒತ್ತಿದಾಗ ನಮ್ಮ ಕೆಲಸಗಳು ಮಾತ್ರ ಮುಚ್ಚುತ್ತವೆ. ಕರ್ನಲ್ ಮತ್ತು ಡ್ರೈವರುಗಳ ಸ್ಥಿತಿ ಡಿಸ್ಕಿನಲ್ಲಿ ಉಳಿದು, ಮಾರನೆಯ ದಿನ ಅಲ್ಲಿಂದಲೇ ಎದ್ದು ಬರುತ್ತದೆ. ಅಂದರೆ ಯಂತ್ರ ಸತ್ತು ಹುಟ್ಟುತ್ತಿಲ್ಲ, ಮಲಗಿ ಏಳುತ್ತಿದೆ. ನಿನ್ನೆಯ ನೆನಪು ಅದರ ಜೊತೆಗೇ ಏಳುತ್ತದೆ. 1234 ಎಂಬ ಆ ಹಳೆಯ ಗುರುತು ಈಗ ದೊಡ್ಡ ಕಡತವೊಂದಾಗಿ ಬೆಳೆದಿತ್ತು.

ಇಲ್ಲಿ ಎರಡು ಕತೆಗಳೂ ಮುಖಾಮುಖಿಯಾಗುತ್ತವೆ. ಎಲ್ಲರೂ ಒಟ್ಟಿಗೆ ಏಳುವ ಮನೆಯಲ್ಲಿ ನಿಧಾನವಾಗಿ ಏಳುವ ಮಾನಿಟರ್, ಲಾಗಿನ್ ಪರದೆ ಮೂಡಿದ ಮೇಲೆ ಬಂದು ಸೇರಬಹುದು. ಆಗ ಕಿಟಕಿಗಳೆಲ್ಲ ಚೆಲ್ಲಾಪಿಲ್ಲಿ. ಮಲಗಿ ಏಳುವ ಯಂತ್ರದಲ್ಲಿ ಡ್ರೈವರ್ ಯಾವುದೋ ಕೆಟ್ಟ ಸ್ಥಿತಿಯಲ್ಲಿ ಸಿಕ್ಕಿಕೊಂಡಿದ್ದರೆ, ಆಫ್ ಮಾಡಿ ಆನ್ ಮಾಡಿದರೂ ಆ ಸ್ಥಿತಿಯೇ ಮರಳಿ ಬರಬಹುದು. ಗ್ನೋಮ್‌ನಂಥ ಡೆಸ್ಕ್‌ಟಾಪುಗಳು ಯಾವ ಮಾನಿಟರ್ ಎಡಕ್ಕೆ, ಯಾವುದು ಬಲಕ್ಕೆ ಎಂದು ಜಾತಕದ ಆಧಾರದ ಮೇಲೆ ನೆನಪಿಟ್ಟುಕೊಳ್ಳುತ್ತವೆ. ಆದರೆ ಕ್ರಮಸಂಖ್ಯೆಯ ಜಾಗದಲ್ಲಿ ಬರೀ ಸೊನ್ನೆ ಬರೆದು ಕಳಿಸುವ ತಯಾರಕರಿದ್ದಾರೆ. ಅಂಥ ಒಂದೇ ಮಾದರಿಯ ಎರಡು ಮಾನಿಟರ್ ಇಟ್ಟುಕೊಂಡರೆ ಅವಳಿಗಳಿಗೆ ಒಂದೇ ಜಾತಕ ಬರೆದಂತೆ.

ಇದರಿಂದ ಕಷ್ಟಪಡುವವರು ಯಾರು? ಒಂದೇ ಮೇಜು, ಒಂದೇ ಮಾನಿಟರ್, ಹೊಸ ಕೇಬಲ್ ಇರುವವರಿಗೆ ನೆನಪಿನ ಮೇಲೆ ಓಡುವ ಯಂತ್ರ ಬಹಳ ಸುಖ. ಅವರ ನಿನ್ನೆ ಮತ್ತು ಇವತ್ತು ಒಂದೇ ಆಗಿರುತ್ತವೆ. ದಿನಕ್ಕೊಂದು ಕೋಣೆ, ಕೋಣೆಗೊಂದು ಹಳೆಯ ಪ್ರೊಜೆಕ್ಟರ್ ಎದುರಿಸುವವರ ಪಾಡು ಬೇರೆ. ಕಳೆದ ವರ್ಷ ಜಿಲ್ಲಾ ಕೇಂದ್ರವೊಂದರ ಕಾಲೇಜಿನ ವಿಚಾರ ಸಂಕಿರಣದಲ್ಲಿ ನಾನಿದ್ದೆ. ಮೊದಲ ವರ್ಷದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ತನ್ನ ಜೀವನದ ಮೊದಲ ಪ್ರಬಂಧ ಮಂಡಿಸಬೇಕಿತ್ತು. ಕೊಟ್ಟದ್ದು ಹನ್ನೆರಡು ನಿಮಿಷ. ಅವಳ ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಮಾತ್ರ, ಗೋಡೆಯಿಂದ ಬಂದದ್ದು ವಿಜಿಎ, ನಡುವೆ ಅಗ್ಗದ ಒಂದು ಅಡಾಪ್ಟರ್. ಪ್ರೊಜೆಕ್ಟರಿನ ನೀಲಿ ಬೆಳಕು ಹಾಗೇ ಉಳಿಯಿತು. ಅವಳು ಆಫ್ ಮಾಡಿ ಆನ್ ಮಾಡಿದಳು. ಆಮೇಲೆ ಇನ್ನೊಮ್ಮೆ. "ಏನಮ್ಮಾ, ಮೊದಲೇ ನೋಡ್ಕೋಬಾರ್ದಾ?" ಎಂದರು ಅಧ್ಯಕ್ಷತೆ ವಹಿಸಿದ್ದವರು. "ಬೆಳಗ್ಗೆ ಬೇರೆ ರೂಮಲ್ಲಿ ಬರ್ತಿತ್ತು ಸರ್" ಎಂದಳು. ಚಿತ್ರ ಮೂಡುವ ಹೊತ್ತಿಗೆ ಏಳು ನಿಮಿಷ ಹೋಗಿತ್ತು. ಮೂರು ಊರುಗಳ ವೀರಗಲ್ಲುಗಳನ್ನು ತಾನೇ ಸುತ್ತಾಡಿ ತೆಗೆದ ಫೋಟೋಗಳು ಅದರಲ್ಲಿದ್ದವು. ಅರ್ಧದಷ್ಟನ್ನು ತೋರಿಸುವುದರೊಳಗೆ ಗಂಟೆ ಬಾರಿಸಿದರು.

ಜಾಬ್ಸ್ ಲೆಕ್ಕದಲ್ಲಿ ಆ ಏಳು ನಿಮಿಷ ಬರೀ 420 ಸೆಕೆಂಡ್. ಅವಳ ಪಾಲಿಗೆ ಅದು ಒಂದು ವರ್ಷದ ಓಡಾಟ. ಹಿರಿಯರ ಲ್ಯಾಪ್‌ಟಾಪ್ ತಡ ಮಾಡಿದಾಗ ಸಭೆ ಕಾಯುತ್ತದೆ, ನಡುವೆ ಚಹಾ ಬರುತ್ತದೆ. ಕಿರಿಯರದ್ದು ತಡವಾದರೆ ಸಮಯ ಮುಗಿಯುತ್ತದೆ. ಇದು ಯಂತ್ರದ ತಪ್ಪಲ್ಲ. ಆದರೆ ಕೇಳುವ ಹೊತ್ತನ್ನು ಯಂತ್ರ ಎಲ್ಲಿ ಉಳಿಸಿತೋ, ಆ ಹೊತ್ತನ್ನು ಬೇರೆ ಯಾರೋ ಎಲ್ಲೋ ತೆರುತ್ತಿರುತ್ತಾರೆ ಎಂಬುದನ್ನು ಅಂದು ಕಣ್ಣಾರೆ ಕಂಡೆ.

ಹಾಗಾಗಿ ಈ ಇತಿಹಾಸದಿಂದ ಕೆಲಸಕ್ಕೆ ಬರುವ ಕೆಲವು ಮಾತು ಹೇಳಿಬಿಡುತ್ತೇನೆ. ವಿಂಡೋಸ್‌ನಲ್ಲಿ ಹೊರಗಿನ ಪರದೆ ಸಿಗದಿದ್ದರೆ ಮೊದಲು ವಿಂಡೋಸ್ ಕೀಲಿ ಮತ್ತು ಪಿ. ಆಗಲೂ ಬರದಿದ್ದರೆ ಶಟ್ ಡೌನ್ ಮಾಡಬೇಡಿ, ರೀಸ್ಟಾರ್ಟ್ ಮಾಡಿ. ಹೆಸರು ಕೇಳಿದರೆ ತದ್ವಿರುದ್ಧ ಅನ್ನಿಸುತ್ತದೆ, ಆದರೆ ಫಾಸ್ಟ್ ಸ್ಟಾರ್ಟಪ್ ಇರುವ ಯಂತ್ರದಲ್ಲಿ ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಮರೆತು ಹೊಸದಾಗಿ ಕೇಳುತ್ತದೆ. ಶಿಫ್ಟ್ ಹಿಡಿದುಕೊಂಡು ಶಟ್ ಡೌನ್ ಒತ್ತಿದರೂ ಪೂರ್ತಿ ಆಫ್ ಆಗುತ್ತದೆ. ಊರೂರು ತಿರುಗಿ ಪ್ರಬಂಧ ಮಂಡಿಸುವವರು ಫಾಸ್ಟ್ ಸ್ಟಾರ್ಟಪ್ಪನ್ನು ಪವರ್ ಸೆಟ್ಟಿಂಗ್‌ನಲ್ಲಿ ತೆಗೆದುಹಾಕಿದರೂ ಅಡ್ಡಿಯಿಲ್ಲ. ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪಿನಲ್ಲಿ ಅದರಿಂದ ಆಗುವ ನಷ್ಟ ಕೆಲವೇ ಸೆಕೆಂಡ್. ಗೋಡೆಯೊಳಗಿನ ಉದ್ದ ವಿಜಿಎ ಕೇಬಲ್ಲುಗಳಲ್ಲಿ, ಕವಲೊಡೆಸುವ ಪೆಟ್ಟಿಗೆಗಳಲ್ಲಿ ಜಾತಕ ಒಯ್ಯುವ ತಂತಿಯೇ ಇಲ್ಲದಿರುವುದುಂಟು. ಆಗ ಯಂತ್ರ ಊಹಿಸುತ್ತದೆ. ಲಿನಕ್ಸ್‌ನ ಊಹೆ 1024ಕ್ಕೆ 768. ಸ್ಲೈಡಿನ ಅಕ್ಷರಗಳನ್ನು ಅಷ್ಟರಲ್ಲೂ ಓದುವಂತೆ ದೊಡ್ಡದಾಗಿ ಬರೆದಿಟ್ಟುಕೊಳ್ಳುವುದು ಕ್ಷೇಮ.

ಲಿನಕ್ಸ್ ಬಳಸುವವರಿಗೆ ಸಿಸ್ಟಮ್‌ಡಿ-ಅನಲೈಜ್ ಎಂಬ ಆದೇಶವಿದೆ. ಫರ್ಮ್‌ವೇರ್, ಕರ್ನಲ್, ಉಳಿದ ಸೇವೆಗಳು ತಲಾ ಎಷ್ಟು ಹೊತ್ತು ತೆಗೆದುಕೊಂಡವು ಎಂದು ಅದು ಲೆಕ್ಕ ಒಪ್ಪಿಸುತ್ತದೆ. ಅದಕ್ಕೆ ಬ್ಲೇಮ್ ಎಂಬ ಪದ ಸೇರಿಸಿದರೆ ಯಾವ ಸೇವೆ ಎಷ್ಟು ತಡಮಾಡಿತು ಎಂಬ ಪಟ್ಟಿ ಬರುತ್ತದೆ. ಬ್ಲೇಮ್ ಎಂದರೆ ದೂರು. ಆದರೆ ಆ ಪಟ್ಟಿಯನ್ನು ನೇರವಾಗಿ ನಂಬಬೇಡಿ ಎಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. ನಿಧಾನ ಎಂದು ಕಾಣುವ ಸೇವೆ ನಿಜಕ್ಕೂ ಬೇರೊಬ್ಬರಿಗಾಗಿ ಕಾದು ನಿಂತಿರಬಹುದು. ಅನೇಕ ಯಂತ್ರಗಳಲ್ಲಿ ಪಟ್ಟಿಯ ತುದಿಗೆ ಕಾಣುವುದು ನೆಟ್‌ವರ್ಕ್ ಸಿಗಲಿ ಎಂದು ಕಾಯುವ ಸೇವೆ, ಬಾರದ ಬಸ್ಸಿಗೆ ನಿಂತವರಂತೆ. ಮನೆಯ ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ ಅದು ಬೇಕಿರುವುದಿಲ್ಲ.

ಈಗ ಆ ವಿದ್ಯಾರ್ಥಿನಿ ಸಂಕಿರಣಗಳಿಗೆ ಹೋಗುವಾಗ ಸ್ಲೈಡುಗಳನ್ನು ಪಿಡಿಎಫ್ ಮಾಡಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿರುತ್ತಾಳೆ. ಪ್ರೊಜೆಕ್ಟರಿಗೆ ಆಗಲೇ ಜೋಡಿಸಿರುವ, ಅದರ ಪರಿಚಯವಿರುವ ಕಾಲೇಜಿನ ಕಂಪ್ಯೂಟರಿಗೇ ಅದನ್ನು ಹಾಕುತ್ತಾಳೆ. ಮೊನ್ನೆ ಫೋನಿನಲ್ಲಿ ಸಿಕ್ಕಾಗ, ವೀರಗಲ್ಲುಗಳ ಪ್ರಬಂಧವನ್ನು ಇನ್ನೊಂದು ಕಡೆ ಪೂರ್ತಿ ಮಂಡಿಸಿದೆ, ಪ್ರಶ್ನೆ ಕೇಳುವುದಕ್ಕೂ ಸಮಯ ಉಳಿದಿತ್ತು ಎಂದಳು.